ಮೋಟಾರ್ ಸುಟ್ಟಿರಲಿಲ್ಲ: ಹಿರಿಯೂರಿನ ಬೋರ್ಡ್ ಇಲ್ಲದ ರಿವೈಂಡಿಂಗ್ ಅಂಗಡಿ ಬಗ್ಗೆ

ನಮ್ಮದು ಸೋಫಾ ಕುಶನ್ ಕೆಲಸ. ಹಿರಿಯೂರಿನಲ್ಲಿ ಮನೆ ಹಿಂದಿನ ಶೆಡ್ಡೇ ನಮ್ಮ ವರ್ಕ್‌ಶಾಪ್. ನಾನು, ನನ್ನ ಮೈದುನ, ಕೆಲಸದ ಹುಡುಗರು ಇಬ್ಬರು. ಯಜಮಾನರು ಲಾರಿ ಓಡಿಸುತ್ತಾರೆ. ತಿಂಗಳಲ್ಲಿ ಎಂಟು ದಿನ ಮನೆಯಲ್ಲಿದ್ದರೆ ಜಾಸ್ತಿ. ಹಾಗಾಗಿ ಶೆಡ್ಡಿನ ಲೆಕ್ಕ, ಸಾಮಾನು, ರಿಪೇರಿ ಎಲ್ಲ ನಾನೇ ನೋಡಿಕೊಳ್ಳುವುದು.

ಈ ಕೆಲಸಕ್ಕೆ ಏರ್ ಕಂಪ್ರೆಸರ್ ಬೇಕೇ ಬೇಕು. ರೆಕ್ಸಿನ್ ಎಳೆದು ಹಿಡಿದು ಮರದ ಫ್ರೇಮಿಗೆ ಪಿನ್ ಹೊಡೆಯುವ ಗನ್ ಗಾಳಿಯಿಂದ ನಡೆಯುತ್ತದೆ. ಕೈ ಸ್ಟೇಪ್ಲರ್‌ನಲ್ಲೂ ಹೊಡೆಯಬಹುದು, ಆದರೆ ಒಂದು ಸೋಫಾ ಮುಗಿಯುವಷ್ಟರಲ್ಲಿ ಅಂಗೈ ಊದಿಕೊಳ್ಳುತ್ತದೆ. ನಮ್ಮ ಕಂಪ್ರೆಸರ್ 2 ಎಚ್‌ಪಿ, ಸಿಂಗಲ್ ಫೇಸ್, ಬೆಲ್ಟ್‌ನದ್ದು. ಟ್ಯಾಂಕ್ 160 ಲೀಟರ್. ಟೈರ್ ಅಂಗಡಿ, ಗ್ಯಾರೇಜ್‌ಗಳಲ್ಲಿ ನೋಡಿರುತ್ತೀರಲ್ಲ, ಅದೇ ಥರದ್ದು.

ಹೋದ ಬೇಸಿಗೆಯಲ್ಲಿ ಮದುವೆ ಸೀಸನ್ನಿನ ಮಧ್ಯೆ ಅದು ಕೈಕೊಟ್ಟಿತು. ಐದು ಸೋಫಾ ಸೆಟ್ ಆರ್ಡರ್ ಇತ್ತು, ಅದರಲ್ಲಿ ಎರಡಕ್ಕೆ ತಾರೀಖು ಬರೆದುಕೊಟ್ಟಿದ್ದೆ. ಆ ಹೊತ್ತಿನಲ್ಲಿ ನನ್ನ ಕೈಹಿಡಿದದ್ದು ಪೇಟೆಯ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿನ ಒಳಗಿನ ವೈರ್ ಸುರುಳಿ (ವೈಂಡಿಂಗ್) ತೆಗೆದು ಹೊಸದು ಸುತ್ತಿಕೊಡುವ ಅಂಗಡಿ. ಅವರ ಬಗ್ಗೆ ಬರೆಯಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಲೇ ಇದ್ದೆ. ಅಂಗಡಿಗೆ ಬೋರ್ಡ್ ಇಲ್ಲ. ಮುಂದೆ ಉದ್ದುದ್ದ ಬೋರ್‌ವೆಲ್ ಮೋಟಾರ್‌ಗಳು ಸಾಲಾಗಿ ಮಲಗಿರುತ್ತವೆ, ಒಳಗಿನಿಂದ ವಾರ್ನಿಷ್ ವಾಸನೆ ಬರುತ್ತದೆ. ಅದೇ ಗುರುತು.

ಶುರುವಾಗಿದ್ದು ಹೀಗೆ. ಮಾರ್ಚ್‌ನಲ್ಲಿ ಕಂಪ್ರೆಸರ್ ನಿಂತ ಮೇಲೂ ಸುಯ್ ಅಂತ ಗಾಳಿ ಸೋರಲು ಶುರುವಾಯಿತು. ಟ್ಯಾಂಕ್ ತುಂಬಿದಾಗ ಮೋಟಾರನ್ನು ತಾನೇ ನಿಲ್ಲಿಸುವ ಪ್ರೆಶರ್ ಸ್ವಿಚ್ ಇರುತ್ತದಲ್ಲ, ಅದರ ಕೆಳಗಿನಿಂದ ಬರುತ್ತಿತ್ತು. ಪರಿಚಯದ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಅವನು ಸಣ್ಣ ಪೈಪ್ ಒಂದನ್ನು ಬಿಚ್ಚಿ ಬಾಯಿ ಮುಚ್ಚಿದ. ಸೋರುವುದು ನಿಂತಿತು. "ಪ್ರೆಶರ್ ಸ್ವಿಚ್ಚಲ್ಲಿ ಪಾಯಿಂಟೂ ಹೋಗಿದೆ, ಸದ್ಯಕ್ಕೆ ಡೈರೆಕ್ಟ್ ಕೊಟ್ಟಿದೀನಿ. ಗೇಜ್ ನೋಡ್ಕೊಂಡು ಗೋಡೆ ಸ್ವಿಚ್ ಆಫ್ ಮಾಡಿ" ಅಂದ. ನನಗೆ ಆಗ ಅದರ ಅರ್ಥ ಗೊತ್ತಿರಲಿಲ್ಲ. ಸರಿ ಅಂದೆ.

ಎರಡು ವಾರ ಕಳೆದ ಮೇಲೆ ಮೋಟಾರ್ ಗುಂಯ್ ಅಂತ ಸದ್ದು ಮಾಡುತ್ತದೆ, ತಿರುಗುವುದಿಲ್ಲ. ಕರೆಂಟ್ ಎಳೆತ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್, ಎಂಸಿಬಿ, ಟಪ್ ಅಂತ ಬೀಳುತ್ತದೆ. ಅದೇ ಮನುಷ್ಯ ಬಂದು 16 ಆಂಪಿಯರ್ ಎಂಸಿಬಿ ತೆಗೆದು 32ರದ್ದು ಹಾಕಿದ. ಒಂದೆರಡು ದಿನ ಓಡಿತು. ಆಮೇಲೆ ಪ್ಲಗ್ ಹತ್ತಿರ ಸುಟ್ಟ ವಾಸನೆ. "ವೈಂಡಿಂಗ್ ಹೋಗಿದೆ, ರಿವೈಂಡಿಂಗ್‌ಗೆ ನಾಲ್ಕೂವರೆ ಸಾವಿರ ಆಗುತ್ತೆ" ಅಂದ. ಯಾಕೆ ಹೋಯ್ತು ಅಂತ ಕೇಳಿದೆ. "ಅದೆಲ್ಲ ನಿಮಗೆ ಗೊತ್ತಾಗಲ್ಲ ಬಿಡಿ, ಯಜಮಾನ್ರು ಬರ್ಲಿ, ಅವರ ಹತ್ರ ಮಾತಾಡ್ತೀನಿ" ಅಂದ. ಯಜಮಾನರು ಆಗ ಪುಣೆ ಕಡೆ ಇದ್ದರು. ಕಂಪ್ರೆಸರ್ ಓಡಿಸೋದು ನಾನು, ದುಡ್ಡು ಕೊಡೋದು ನಾನು. ಆ ಮಾತು ನನಗೆ ತುಂಬಾ ನೋವಾಯಿತು.

ಮೈದುನನ ಕೈಲಿ ಮೋಟಾರ್ ಬಿಚ್ಚಿಸಿ ಆಟೋದಲ್ಲಿ ಹಾಕಿಕೊಂಡು ಈ ಅಂಗಡಿಗೆ ಹೋದೆ. ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಕೆಳಗೆ ಕೂತು ಸಬ್‌ಮರ್ಸಿಬಲ್ ಒಂದಕ್ಕೆ ವೈರ್ ತುಂಬುತ್ತಿದ್ದರು. "ಅಣ್ಣಾ, ಇದು ರಿವೈಂಡಿಂಗ್ ಆಗಬೇಕಂತೆ" ಅಂದೆ.

"ಯಾರು ಹೇಳಿದ್ರಮ್ಮ? ಮೀಟರ್ ಇಟ್ಟು ನೋಡಿದ್ರಾ?"

ಇಲ್ಲ ಅಂದೆ. ಅವರು ಕೈ ಒರೆಸಿಕೊಂಡು ಎದ್ದರು. ಮೊದಲು ಮೋಟಾರ್ ಟರ್ಮಿನಲ್ ಡಬ್ಬಿ ತೆರೆದು ಮೂಗಿನ ಹತ್ತಿರ ತಂದುಕೊಂಡರು. "ವೈಂಡಿಂಗ್ ಸುಟ್ಟರೆ ವಾಸನೆ ಇಲ್ಲೇ ಇರುತ್ತೆ, ತಿಂಗಳಾದ್ರೂ ಹೋಗಲ್ಲ" ಅಂದರು. ಆಮೇಲೆ ರೆಸಿಸ್ಟೆನ್ಸ್ ನೋಡಿದರು. ರನ್ನಿಂಗ್ ವೈಂಡಿಂಗ್ ಕಡಿಮೆ ತೋರಿಸಬೇಕು, ಸ್ಟಾರ್ಟಿಂಗ್ ವೈಂಡಿಂಗ್ ಅದಕ್ಕಿಂತ ಜಾಸ್ತಿ ತೋರಿಸಬೇಕು. ಹಾಗೇ ತೋರಿಸಿತು. ಮೆಗ್ಗರ್ ಹಾಕಿ ವೈಂಡಿಂಗ್‌ನಿಂದ ಮೋಟಾರಿನ ಹೊರಮೈಗೆ ಕರೆಂಟ್ ಸೋರುತ್ತದೆಯಾ ಅಂತ ನೋಡಿದರು. ಅದೂ ಸರಿಯಾಗಿತ್ತು. "ಮೋಟಾರ್ ಚೆನ್ನಾಗಿದೆಯಮ್ಮ. ಇದನ್ನ ಯಾಕೆ ಬಿಚ್ಚಲಿ?"

ನಾಲ್ಕೂವರೆ ಸಾವಿರದ ಕೆಲಸ ಮನೆ ಬಾಗಿಲಿಗೆ ಬಂದಿತ್ತು. ಹೌದು ಅಂದಿದ್ದರೆ ನಾನು ಮರುಮಾತಿಲ್ಲದೆ ಕೊಟ್ಟು ಬರುತ್ತಿದ್ದೆ. ಬೇಡ ಅಂದರು.

ಆಮೇಲೆ ಕೆಪಾಸಿಟರ್ ನೋಡಿದರು. ಈ ಮೋಟಾರಿಗೆ ಎರಡು ಇರುತ್ತವೆ. ಒಂದು ಸ್ಟಾರ್ಟ್ ಆಗುವಾಗ ಮಾತ್ರ ಕೆಲಸ ಮಾಡುವುದು, ಇನ್ನೊಂದು ಓಡುವಷ್ಟು ಹೊತ್ತೂ ಇರುವುದು. ಮುಟ್ಟುವ ಮುಂಚೆ ಅವರು ಹೋಲ್ಡರಿಗೆ ಹಾಕಿದ ಒಂದು ಬಲ್ಬಿನ ಎರಡು ವೈರನ್ನು ಅದರ ಕಾಲುಗಳಿಗೆ ಹಿಡಿದರು. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್ ಒಳಗೆ ಚಾರ್ಜ್ ಉಳಿದಿರುತ್ತದೆ, ಬರಿಗೈಯಲ್ಲಿ ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ. ಇದನ್ನು ಓದುವವರು ದಯವಿಟ್ಟು ನೆನಪಿಡಿ. ಸ್ಟಾರ್ಟ್ ಕೆಪಾಸಿಟರ್ ಮೇಲೆ 120-150 ಮೈಕ್ರೋಫ್ಯಾರಡ್ ಅಂತ ಬರೆದಿತ್ತು. ಮೀಟರ್ ತೋರಿಸಿದ್ದು 38. ಇನ್ನೊಂದರ ಮೇಲೆ 50 ಅಂತ ಇತ್ತು, ಅದು 49 ತೋರಿಸಿತು.

300 ರೂಪಾಯಿಯ ಹೊಸ ಕೆಪಾಸಿಟರ್ ಹಾಕಿ ಅಲ್ಲೇ ಓಡಿಸಿ ತೋರಿಸಿದರು. ಆನ್ ಮಾಡಿದ ತಕ್ಷಣ ಸರಕ್ಕನೆ ತಿರುಗಿತು. ಸ್ಪೀಡ್ ಬರುವಾಗ ಒಳಗಿನಿಂದ ಟಕ್ ಅಂತ ಒಂದು ಸಣ್ಣ ಸದ್ದು. ಮೋಟಾರ್ ಮುಕ್ಕಾಲು ಪಾಲು ಸ್ಪೀಡಿಗೆ ಬಂದಾಗ ಒಳಗಿನ ಸ್ವಿಚ್ ಸ್ಟಾರ್ಟ್ ಕೆಪಾಸಿಟರನ್ನು ಬಿಡಿಸುವ ಸದ್ದಂತೆ ಅದು. ಟೆಸ್ಟಿಂಗ್‌ಗೆ 100 ತಗೊಂಡರು. ಒಟ್ಟು 400.

ಇಲ್ಲಿಗೆ ಮುಗಿದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಹತ್ತು ದಿನಕ್ಕೆ ಮತ್ತೆ ಗುಂಯ್. ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ಮಧ್ಯಾಹ್ನ ಇಲ್ಲ. ಅದರ ಮಧ್ಯೆ ಇನ್ನೊಂದು ಆಗಿತ್ತು. ಒಂದು ದಿನ ಹುಡುಗ ಗೇಜ್ ನೋಡುವುದನ್ನು ಮರೆತು ಫೋಮ್ ಕತ್ತರಿಸುತ್ತಾ ಕೂತಿದ್ದ. ಇದ್ದಕ್ಕಿದ್ದಂತೆ ಟ್ಯಾಂಕಿನಿಂದ ಕಿವಿ ಒಡೆಯುವಂಥ ಶಬ್ದ. ಓಡಿ ಹೋಗಿ ಮೇನ್ ಆಫ್ ಮಾಡಿದೆ. ಮುಳ್ಳು 150 ಹತ್ತಿರ ಇತ್ತು. ಮೊದಲೆಲ್ಲ 120ಕ್ಕೆ ತಾನೇ ನಿಲ್ಲುತ್ತಿತ್ತು.

ಫೋನ್ ಮಾಡಿದೆ. ಎತ್ತಲಿಲ್ಲ. ಅವರು ಫೋನ್ ಎತ್ತುವುದು ಕಡಿಮೆ, ಇದು ಈ ಅಂಗಡಿಯ ದೊಡ್ಡ ಕೊರತೆ. ನಾನೇ ಹೋಗಿ ಹೇಳಿದೆ. ಅವರು ಕೈಲಿದ್ದ ಕೆಲಸ ಬಿಡದೆ ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ಟ್ಯಾಂಕ್ ಖಾಲಿ ಇದ್ದಾಗ ಸ್ಟಾರ್ಟ್ ಆಗುತ್ತಾ? ಅರ್ಧ ಗಾಳಿ ಇದ್ದಾಗ? ಮೋಟಾರ್ ನಿಂತ ತಕ್ಷಣ ಪುಸ್ ಅಂತ ಗಾಳಿ ಬಿಡುತ್ತಾ? ಮೀಟರ್ ಬೋರ್ಡಿನಿಂದ ಶೆಡ್ಡಿಗೆ ಎಷ್ಟು ದೂರ? ಯಾವ ವೈರ್? ಆನ್ ಮಾಡಿದಾಗ ಲೈಟ್ ಮಂಕಾಗುತ್ತಾ?

ಒಂದೊಂದಕ್ಕೂ ಉತ್ತರ ನನಗೆ ಗೊತ್ತಿತ್ತು. ದಿನಾ ನೋಡುವವಳು ನಾನೇ ಅಲ್ವಾ. ಆದರೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಖಾಲಿ ಟ್ಯಾಂಕಿಗೆ ಸ್ಟಾರ್ಟ್ ಆಗುತ್ತದೆ, ಗಾಳಿ ಇದ್ದರೆ ಆಗುವುದಿಲ್ಲ. ಪುಸ್ ಅನ್ನುವುದು ನಿಂತು ತಿಂಗಳಾಯಿತು. ದೂರ 35 ಮೀಟರ್ ಆಗಬಹುದು, ವೈರ್ ಒಂದೂವರೆ ಎಂಎಂ. ಲೈಟ್ ಮಂಕಾಗುವುದಲ್ಲ, ಟ್ಯೂಬ್‌ಲೈಟೇ ಆರಿಹೋಗುತ್ತದೆ.

"ಅವತ್ತೇ ನಾನು ನಿಮ್ಮನೆಗೆ ಬಂದು ನೋಡಬೇಕಿತ್ತಮ್ಮ. ಇಲ್ಲಿ ಓಡಿದ ಮೋಟಾರ್ ಅಲ್ಲಿ ಓಡ್ತಿಲ್ಲ ಅಂದ್ರೆ ತಪ್ಪು ಅಲ್ಲೇ ಇದೆ" ಅಂದರು. ತಮ್ಮ ಕಡೆ ಬಿಟ್ಟುಹೋದದ್ದನ್ನು ಹೀಗೆ ತಾವಾಗಿ ಒಪ್ಪಿಕೊಂಡ ರಿಪೇರಿಯವರನ್ನು ನಾನು ಬೇರೆ ಕಂಡಿಲ್ಲ. ಸಂಜೆ ಟಿವಿಎಸ್ ಎಕ್ಸೆಲ್‌ನಲ್ಲಿ ಬಂದರು. ಹೆಗಲಿಗೆ ಒಂದು ಚೀಲ, ಅದರಲ್ಲಿ ಟಾಂಗ್ ಟೆಸ್ಟರ್, ಅಂದರೆ ವೈರ್ ಸುತ್ತ ಇಕ್ಕಳದಂತೆ ಹಿಡಿದು ಆಂಪಿಯರ್ ಅಳೆಯುವ ಮೀಟರ್.

ಮೊದಲು ಪ್ರೆಶರ್ ಸ್ವಿಚ್ ನೋಡಿದರು. ನೋಡಿ ಮಾತಾಡಲಿಲ್ಲ. ಮೇನ್ ಆಫ್ ಮಾಡಿ, ಟ್ಯಾಂಕ್ ಕೆಳಗಿನ ಡ್ರೈನ್ ತಿರುಪಿ, ಗೇಜ್ ಸೊನ್ನೆಗೆ ಬರುವವರೆಗೆ ಸ್ಟೂಲ್ ಮೇಲೆ ಸುಮ್ನೆ ಕೂತರು. ಆಮೇಲೆ ಹುಡುಗರನ್ನೂ ಕರೆದು ತೋರಿಸಿದರು.

ನಿಲ್ಲುವಾಗ ಪುಸ್ ಅನ್ನುವುದು ಆ ಸಣ್ಣ ಪೈಪಿನ ಕೆಲಸ. ಮೋಟಾರ್ ನಿಂತಾಗ ಪಂಪಿನ ತಲೆಯಲ್ಲಿ ಉಳಿದ ಗಾಳಿಯನ್ನು ಅದು ಹೊರಗೆ ಬಿಡುತ್ತದೆ. ಬಿಡದಿದ್ದರೆ ಮುಂದಿನ ಸಲ ಮೋಟಾರ್ ಆ ಗಾಳಿಯ ಎದುರು ಒತ್ತಿಕೊಂಡೇ ಏಳಬೇಕು. ಅದರ ಬಾಯಿಯನ್ನೇ ಮುಚ್ಚಲಾಗಿತ್ತು. ಮೊದಲು ಅಲ್ಲಿಂದ ಗಾಳಿ ಸೋರುತ್ತಿದ್ದುದು ಪೈಪಿನ ತಪ್ಪಲ್ಲ. ಟ್ಯಾಂಕಿನಿಂದ ಗಾಳಿ ವಾಪಸ್ ಬರದಂತೆ ತಡೆಯುವ ವಾಲ್ವಿನಲ್ಲಿ ಕಸ ಕೂತಿತ್ತು. ಬಿಚ್ಚಿ ತೊಳೆದು ಹಾಕಿದರು, ಅಷ್ಟೇ. ಇನ್ನು ಸ್ವಿಚ್ಚನ್ನು ಡೈರೆಕ್ಟ್ ಮಾಡಿದ್ದರಿಂದ ಮೋಟಾರ್ ತಾನಾಗಿ ನಿಲ್ಲುವ ದಾರಿಯೇ ಇರಲಿಲ್ಲ. ಅವತ್ತು ಶಬ್ದ ಬಂದಿದ್ದು ಸೇಫ್ಟಿ ವಾಲ್ವಿನಿಂದ. "ಇದೂ ತುಕ್ಕು ಹಿಡಿದಿದ್ರೆ ಏನಾಗ್ತಿತ್ತು ಗೊತ್ತೇನಮ್ಮ?" ಅಂದರು. ನಮ್ಮ ಹುಡುಗರು ಮಧ್ಯಾಹ್ನ ಊಟ ಮಾಡಿ ಆ ಟ್ಯಾಂಕ್ ಪಕ್ಕದಲ್ಲೇ ಮಲಗುತ್ತಾರೆ. ನನ್ನ ಮೈ ತಣ್ಣಗಾಯಿತು.

ಗೋಡೆ ಸ್ವಿಚ್ಚಿನಲ್ಲಿ ಆಫ್ ಮಾಡುವುದೂ ತಪ್ಪಂತೆ. ಪ್ರೆಶರ್ ಸ್ವಿಚ್ ಮೇಲಿನ ಗುಬುಟಿನಲ್ಲೇ ಆಫ್ ಮಾಡಬೇಕು. ಆಗ ಮಾತ್ರ ಪುಸ್ ಅಂತ ತಲೆ ಖಾಲಿಯಾಗುತ್ತದೆ. ಕಂಪ್ರೆಸರ್ ಇಟ್ಟುಕೊಂಡಿರುವ ಎಷ್ಟು ಜನ ಇದನ್ನು ಮಾಡುತ್ತಾರೆ ಹೇಳಿ. ನಾಲ್ಕು ವರ್ಷದಿಂದ ನಾವಂತೂ ಮಾಡಿರಲಿಲ್ಲ.

ಆಮೇಲೆ ವೈರ್. ನನಗೆ ಕಣ್ಣು ತೆರೆಸಿದ್ದು ಈ ಭಾಗ. ಪ್ಲಗ್ ಹತ್ತಿರ ವೋಲ್ಟೇಜ್ ನೋಡಿದರು, 211. "ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಈಗ ನೋಡಿ" ಅಂತ ಹುಡುಗನಿಗೆ ಆನ್ ಮಾಡಿಸಿದರು. ಮೋಟಾರ್ ಗುಂಯ್ ಅಂದಿತು. ಎರಡೇ ಸೆಕೆಂಡ್. ಟಾಂಗ್ ಟೆಸ್ಟರಿನಲ್ಲಿ 46 ಆಂಪಿಯರ್, ಮೀಟರಿನಲ್ಲಿ 162 ವೋಲ್ಟ್. ಆಫ್ ಮಾಡಿಸಿದರು.

ಲೆಕ್ಕವನ್ನು ಒಂದು ರೆಕ್ಸಿನ್ ತುಂಡಿನ ಹಿಂದೆ ಬರೆದು ತೋರಿಸಿದರು. ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರ್ ಒಂದು ಕಿಲೋಮೀಟರಿಗೆ ಸುಮಾರು 12 ಓಮ್. ನಮ್ಮದು 35 ಮೀಟರ್ ಹೋಗಿ 35 ಮೀಟರ್ ಬರಬೇಕು, ಅಂದರೆ 70 ಮೀಟರ್. ಅದು 0.85 ಓಮ್ ಹತ್ತಿರ. ಓಡುವಾಗ 10-11 ಆಂಪಿಯರ್ ಎಳೆದರೆ ವೈರಿನಲ್ಲಿ ಹೋಗುವುದು ಬರೀ 9 ವೋಲ್ಟ್. ಸ್ಟಾರ್ಟ್ ಆಗುವಾಗ 46 ಎಳೆದರೆ 39 ವೋಲ್ಟ್ ವೈರಿನಲ್ಲೇ ಮುಗಿದುಹೋಗುತ್ತದೆ. ಉಳಿದದ್ದು ಕಂಬದಿಂದ ಮೀಟರ್‌ವರೆಗಿನ ದಾರಿಯಲ್ಲಿ ಹೋಗುತ್ತದೆ. ಹೀಗೆ 162. ನೇಮ್ ಪ್ಲೇಟಿನಲ್ಲಿ ಇರುವುದು 230.

"ಮುಕ್ಕಾಲು ಭಾಗದ ಹತ್ತಿರ ಇದೆಯಲ್ಲ ಅಣ್ಣಾ" ಅಂದೆ. ಅದಕ್ಕೆ ಅವರು ಹೇಳಿದ್ದು ನನಗೆ ಹೊಸದು. ವೋಲ್ಟೇಜ್ ಇಳಿದಷ್ಟೇ ಮೋಟಾರಿನ ಎಳೆಯುವ ಶಕ್ತಿ ಇಳಿಯುವುದಿಲ್ಲ, ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕದಲ್ಲಿ ಇಳಿಯುತ್ತದೆ. 162 ವೋಲ್ಟಿಗೆ ಸಿಗುವ ಶಕ್ತಿ ಅರ್ಧ ಮಾತ್ರ. ಒಂದು ಕಡೆ ಅರ್ಧ ಶಕ್ತಿ, ಇನ್ನೊಂದು ಕಡೆ ಪಂಪಿನ ತಲೆಯಲ್ಲಿ ಕೂತ ಗಾಳಿ. ಏಳುವುದು ಹೇಗೆ? ಎದ್ದರೂ ನಿಧಾನವಾಗಿ ಏಳುತ್ತದೆ. ಅಷ್ಟು ಹೊತ್ತೂ ಸ್ಟಾರ್ಟ್ ಕೆಪಾಸಿಟರ್ ಲೈನಿನಲ್ಲೇ ಇರುತ್ತದೆ. ಅದು ಇರುವುದು ಒಂದೆರಡು ಸೆಕೆಂಡಿನ ಕೆಲಸಕ್ಕೆ, ಆದ್ದರಿಂದ ಕಾದು ಸಾಯುತ್ತದೆ. ಅಂಗಡಿಯಲ್ಲಿ ನಾವು ಬದಲಾಯಿಸಿದ್ದು ರೋಗವನ್ನಲ್ಲ, ರೋಗಕ್ಕೆ ಸತ್ತಿದ್ದನ್ನು. ಮಧ್ಯಾಹ್ನವೇ ಯಾಕೆ ಅಂದರೆ, ಸುತ್ತಲ ತೋಟದ ಮೋಟಾರ್‌ಗಳು, ಮನೆಮನೆಯ ಕೂಲರ್‌ಗಳು ಓಡುವ ಹೊತ್ತದು. ಬೆಳಿಗ್ಗೆ ನಮ್ಮಲ್ಲಿ 225 ಇರುತ್ತದೆ. ಆ 14 ವೋಲ್ಟಿನಲ್ಲೇ ಆಚೆ ಈಚೆ.

32 ಆಂಪಿಯರ್ ಎಂಸಿಬಿ ನೋಡಿ ಅವರಿಗೆ ಸಿಟ್ಟು ಬಂತು. ಎಂಸಿಬಿ ಇರುವುದು ವೈರನ್ನು ಕಾಯುವುದಕ್ಕೆ. ಒಂದೂವರೆ ಎಂಎಂ ವೈರಿಗೆ 32 ಹಾಕಿದರೆ ವೈರ್ ಸುಟ್ಟರೂ ಅದು ಬೀಳುವುದಿಲ್ಲ. ಪ್ಲಗ್ ಬಿಚ್ಚಿದರೆ ಒಳಗೆಲ್ಲ ಕಂದು ಬಣ್ಣ, ಒಂದು ಕಾಲು ಕರಗಿತ್ತು. ಆ ಸುಟ್ಟ ವಾಸನೆ ಬಂದಿದ್ದು ಇಲ್ಲಿಂದ, ವೈಂಡಿಂಗ್‌ನಿಂದಲ್ಲ. ಶೆಡ್ಡಿನಲ್ಲಿ ಇರುವುದು ಬರೀ ಫೋಮ್, ಹತ್ತಿ, ರೆಕ್ಸಿನ್, ಅಂಟು. ಒಂದು ಕಿಡಿ ಸಾಕಿತ್ತು. ಅರ್ಥಿಂಗ್ ವೈರ್ ಬೋರ್ಡಿನ ಹಿಂದೆ ತುಂಡಾಗಿ ನೇತಾಡುತ್ತಿತ್ತು. ಟ್ಯಾಂಕ್ ಮುಟ್ಟಿದರೆ ಝುಮ್ ಅನ್ನುತ್ತದೆ ಅಂತ ಹುಡುಗ ಎರಡು ಸಲ ಹೇಳಿದ್ದ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅದು ನನ್ನ ತಪ್ಪೇ.

ದಪ್ಪ ವೈರ್ ಎಳೆಸುತ್ತೇನೆ, ಎಷ್ಟಾಗುತ್ತದೆ ಅಂದೆ. ಅವರು ಸ್ವಲ್ಪ ಹೊತ್ತು ಅಂಗಳ ನೋಡುತ್ತಾ ನಿಂತರು. "ವೈರ್ ಯಾಕೆ ಉದ್ದ ಎಳೀತೀಯಮ್ಮ, ಗಾಳಿ ಪೈಪ್ ಉದ್ದ ಎಳಿ" ಅಂದರು.

ಕಂಪ್ರೆಸರನ್ನೇ ಮುಂದಕ್ಕೆ ತಂದು ಮೆಟ್ಟಿಲ ಕೆಳಗೆ ಮೀಟರ್ ಬೋರ್ಡ್ ಪಕ್ಕ ಇಟ್ಟರು. ಅಲ್ಲಿಗೆ 6 ಮೀಟರ್ ವೈರ್ ಸಾಕು. 4 ಸ್ಕ್ವೇರ್ ಎಂಎಂ ಹಾಕಿದರು, ಜೊತೆಗೆ 20 ಆಂಪಿಯರ್ ಸಿ ಟೈಪ್ ಎಂಸಿಬಿ. ಮೋಟಾರಿಗೆ ಸಿ ಟೈಪೇ ಇರಬೇಕಂತೆ, ಸ್ಟಾರ್ಟಿಂಗ್ ಎಳೆತಕ್ಕೆ ಅದು ಸುಮ್ಮನೆ ಬೀಳುವುದಿಲ್ಲ. ಪ್ಲಗ್ ತೆಗೆದೇಬಿಟ್ಟರು. ಹೊಸ ಅರ್ಥಿಂಗ್ ಕೊಟ್ಟರು. ಶೆಡ್ಡಿಗೆ 40 ಮೀಟರ್ ನೀಲಿ ಪಿಯು ಪೈಪ್, ಕೊನೆಯಲ್ಲಿ ಒಂದು ರೆಗ್ಯುಲೇಟರ್. ಪಿನ್ ಗನ್ ಎಳೆಯುವ ಗಾಳಿ ಕಡಿಮೆ, ಹಾಗಾಗಿ ಉದ್ದದಿಂದ ಏನೂ ತೊಂದರೆ ಇಲ್ಲ. ಸ್ಪ್ರೇ ಪಾಲಿಶ್ ಮಾಡುವವರಿಗೆ ಪೈಪ್ ಇನ್ನೂ ದಪ್ಪ ಬೇಕಾಗುತ್ತದೆ.

ಮತ್ತೆ ಮೀಟರ್ ಇಟ್ಟು ಆನ್ ಮಾಡಿಸಿದರು, ಅದೂ ಟ್ಯಾಂಕಿನಲ್ಲಿ ಗಾಳಿ ಇರುವಾಗಲೇ. ವೋಲ್ಟೇಜ್ ಒಂದು ಕ್ಷಣ 198ಕ್ಕೆ ಇಳಿದು ಎದ್ದಿತು. ಮೋಟಾರ್ ಸರಕ್ಕನೆ ತಿರುಗಿತು. ಗೇಜ್ ಮುಳ್ಳು 120ಕ್ಕೆ ಬಂದಾಗ ಟಕ್ ಅಂತ ನಿಂತಿತು, ಹಿಂದೆಯೇ ಪುಸ್. ಎಷ್ಟು ದಿನದ ಮೇಲೆ ಕೇಳಿದ ಸದ್ದು ಅದು! ಹುಡುಗರು ಚಪ್ಪಾಳೆ ಹೊಡೆದರು.

ಖರ್ಚು ಹೇಳಿಬಿಡುತ್ತೇನೆ. ಪ್ರೆಶರ್ ಸ್ವಿಚ್ 700. ವೈರ್, ಎಂಸಿಬಿ, ಡಬ್ಬಿ, ಅರ್ಥಿಂಗ್ ಸಾಮಾನು 1,900. ಪೈಪ್, ರೆಗ್ಯುಲೇಟರ್, ಕಪ್ಲರ್ 2,800. ಕೂಲಿ 800. ಮೊದಲಿನ 400 ಸೇರಿ 6,600 ಆಯಿತು. ರಿವೈಂಡಿಂಗ್‌ಗಿಂತ ಜಾಸ್ತಿಯೇ. ಆದರೆ ರಿವೈಂಡಿಂಗ್ ಮಾಡಿಸಿದ್ದರೆ ಅದೇ ವೈರಿಗೆ ಅದೇ ಮೋಟಾರ್ ಬಂದು ಕೂರುತ್ತಿತ್ತು, ಈ ಸಲ ನಿಜವಾಗಿಯೂ ಸುಡುತ್ತಿತ್ತು. ಸಾಮಾನನ್ನು ನಾನೇ ಬೇರೆ ಅಂಗಡಿಯಿಂದ ತರಲು ಹೇಳಿದರು. ಚೀಟಿಯಲ್ಲಿ ಅಳತೆ ಬರೆದುಕೊಟ್ಟರು, ಇಂಥಲ್ಲೇ ತಗೋ ಅನ್ನಲಿಲ್ಲ. ಎರಡು ಸೋಫಾ ಸೆಟ್ಟನ್ನೂ ಹೇಳಿದ ತಾರೀಖಿಗೆ ಕೊಟ್ಟೆವು.

ತೊಂದರೆಗಳೂ ಇವೆ. ಬೇಸಿಗೆಯಲ್ಲಿ ಅಂಗಡಿ ತುಂಬಾ ಬೋರ್‌ವೆಲ್ ಮೋಟಾರ್ ಬಂದು ಬೀಳುತ್ತವೆ. ತೋಟ ಒಣಗುವವರಿಗೆ ಮೊದಲು ಮಾಡಿಕೊಡುತ್ತಾರೆ, ನಮ್ಮಂಥವರು ಕಾಯಬೇಕು. ಅದು ನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ, ಆದರೂ ಅವಸರದವರಿಗೆ ಕಷ್ಟ. ಬಿಲ್ ಕೊಡುವುದಿಲ್ಲ. ಮಾತು ಕಮ್ಮಿ, ಕೇಳಿದರೆ ಮಾತ್ರ ಹೇಳುತ್ತಾರೆ. ಇನ್ನು ಕಂಪ್ರೆಸರ್ ಮುಂದೆ ಬಂದಿದ್ದರಿಂದ ಮನೆಯಲ್ಲಿ ಸದ್ದು ಜಾಸ್ತಿಯಾಗಿದೆ. ಕಾಲಿಗೆ ದಪ್ಪ ರಬ್ಬರ್ ಹಾಕಿದ್ದೇವೆ. ಅತ್ತೆ ಮಧ್ಯಾಹ್ನ ಮಲಗುವ ಮೊದಲೇ ಟ್ಯಾಂಕ್ ತುಂಬಿಸಿಟ್ಟು ಆಫ್ ಮಾಡುತ್ತೇವೆ. 160 ಲೀಟರ್ ಗಾಳಿಯಲ್ಲಿ ಪಿನ್ ಕೆಲಸ ಸುಮಾರು ಹೊತ್ತು ನಡೆಯುತ್ತದೆ.

ಇದೆಲ್ಲ ಆಗಿ ವರ್ಷ ತುಂಬುತ್ತಾ ಬಂತು. ಎಂಸಿಬಿ ಒಂದು ಸಲವೂ ಬಿದ್ದಿಲ್ಲ. ಅದೇ ಕೆಪಾಸಿಟರ್ ಓಡುತ್ತಿದೆ. ನಾನೂ ಒಂದು ಟಾಂಗ್ ಟೆಸ್ಟರ್ ತಗೊಂಡಿದ್ದೇನೆ. ತಿಂಗಳಿಗೊಮ್ಮೆ ಓಡುವಾಗಿನ ಆಂಪಿಯರ್ ನೋಡಿ ಗೋಡೆ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಹೋದ ತಿಂಗಳು 10.4 ಇತ್ತು. ಅದು ಏರುತ್ತಾ ಹೋದರೆ ಬೆಲ್ಟ್ ಬಿಗಿ ಜಾಸ್ತಿಯಾಗಿದೆಯಾ, ಪಂಪಿನಲ್ಲಿ ಆಯಿಲ್ ಕಡಿಮೆಯಾಗಿದೆಯಾ, ವೋಲ್ಟೇಜ್ ಇಳಿದಿದೆಯಾ ಅಂತ ನೋಡು, ಮೋಟಾರಿಗೆ ಕೈ ಹಾಕುವುದು ಕೊನೆಗೆ ಅಂತ ಮೇಸ್ತ್ರಿ ಹೇಳಿದ್ದಾರೆ.

ಹೋಗುವವರು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಹೋಗಿ, ಆಮೇಲೆ ರೈತರ ಗಾಡಿಗಳು ಬರುತ್ತವೆ. ಫೋನ್ ನಂಬಿಕೊಳ್ಳಬೇಡಿ. ಮೋಟಾರ್ ಬಿಚ್ಚಿಕೊಂಡು ಹೋಗುವ ಮುಂಚೆ ನೇಮ್ ಪ್ಲೇಟ್, ಪ್ರೆಶರ್ ಸ್ವಿಚ್, ಎಂಸಿಬಿ ಮೂರರ ಫೋಟೊ ತೆಗೆದುಕೊಳ್ಳಿ. ಮೀಟರ್ ಬೋರ್ಡಿನಿಂದ ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆದುಕೊಂಡು ಹೋಗಿ. ಅವರು ಅದನ್ನು ಕೇಳೇ ಕೇಳುತ್ತಾರೆ.